ಕೊಟ್ಟಿದ್ದೀಯೋ, ಇಟ್ಟುಕೊಂಡಿದ್ದೀಯೋ?

ಬೆಂಗಳೂರು
ಭಾನುವಾರ ಮಧ್ಯಾಹ್ನ, ರೋಹಿಣಿ ಮಳೆಯ ದಿನಗಳು

ಪ್ರಿಯ ಗೆಳೆಯಾ,

ಮೊನ್ನೆ ರಾತ್ರಿ ಹನ್ನೊಂದೂವರೆಗೆ ನೀನು ಫೋನ್ ಮಾಡಿದಾಗ ನನಗೆ ಸರಿಯಾಗಿ ಮಾತನಾಡಲಾಗಲಿಲ್ಲ. ಅರ್ಧ ನಿದ್ದೆ, ಅರ್ಧ ಸಂಕೋಚ. "ದಿನಕ್ಕೆ ಇನ್ನೆರಡು ಗಂಟೆ ಇದ್ದಿದ್ದರೆ ಎಲ್ಲವನ್ನೂ ಸರಿದೂಗಿಸುತ್ತಿದ್ದೆ ಕಣಯ್ಯ" ಎಂದು ನೀನು ಹೇಳಿದ್ದು ಮಾತ್ರ ಎರಡು ದಿನದಿಂದ ಕಿವಿಯಲ್ಲೇ ಇದೆ. ಇಲ್ಲ ಮಾರಾಯ, ಸರಿದೂಗಿಸುತ್ತಿರಲಿಲ್ಲ. ಆ ಎರಡು ಗಂಟೆಗೂ ಯಾರಾದರೂ ಬಂದು ರಸೀದಿ ಪುಸ್ತಕವೊಂದನ್ನು ನಿನ್ನ ಕೈಗಿಟ್ಟು ಹೋಗುತ್ತಿದ್ದರು, ನೀನು ನಗುತ್ತಲೇ ತೆಗೆದುಕೊಳ್ಳುತ್ತಿದ್ದೆ. ಇದನ್ನು ಫೋನಿನಲ್ಲಿ ಹೇಳಿದ್ದರೆ ಜಗಳವಾಗುತ್ತಿತ್ತು. ಅದಕ್ಕೇ ಈ ಕಾಗದ.

ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಲೆಕ್ಕ ಬರುತ್ತದೆ ಎಂದು ನಾಲ್ಕು ಜನಕ್ಕೆ ಗೊತ್ತಾದ ಮನುಷ್ಯನಿಗೆ ಈ ಜನ್ಮದಲ್ಲಿ ಬಿಡುಗಡೆಯಿಲ್ಲ. ಕಚೇರಿಯಲ್ಲಿ ತಿಂಗಳ 11ಕ್ಕೊಂದು, 20ಕ್ಕೊಂದು ಜಿಎಸ್‌ಟಿ ರಿಟರ್ನ್. ಕ್ಯಾಲೆಂಡರ್ ತಿರುವಿದರೆ ಹಬ್ಬಗಳಿಗಿಂತ ಮೊದಲು ನನ್ನ ಕಣ್ಣಿಗೆ ಬೀಳುವುದು ಆ ಎರಡು ತಾರೀಖು. ಇಷ್ಟು ಸಾಲದೆಂದು ಅಪಾರ್ಟ್‌ಮೆಂಟಿನ ಸಂಘಕ್ಕೂ ನಾನೇ ಖಜಾಂಚಿ, ಬಡಾವಣೆಯ ಗಣೇಶೋತ್ಸವಕ್ಕೂ ನಾನೇ. ನಮ್ಮ ಕಾಲೇಜಿನವರು ಇಪ್ಪತ್ತೈದು ವರ್ಷದ ನೆನಪಿಗೆ ಶಿವಮೊಗ್ಗದಲ್ಲಿ ಸೇರಿದ್ದೆವಲ್ಲ, ಅವತ್ತು ಹಾಡುವವರು ಹಾಡಿದರು, ಅಳುವವರು ಅತ್ತರು. ನಾನು ಹಿಂದಿನ ಸಾಲಿನಲ್ಲಿ ಕುಳಿತು ಶಾಮಿಯಾನದವನಿಗೆ ಇನ್ನೆಷ್ಟು ಬಾಕಿ ಎಂದು ಕೂಡಿಸುತ್ತಿದ್ದೆ. ಅದರ ಫೋಟೊ ತೆಗೆದವನು ನೀನೇ.

ಮೂರು ವರ್ಷದ ಹಿಂದೆ ಒಂದು ರಾತ್ರಿ ನನ್ನದೇ ಲೆಕ್ಕ ತೆಗೆದೆ. ವಾರಕ್ಕೆ 168 ಗಂಟೆ. ನಿದ್ದೆ ದಿನಕ್ಕೆ ಆರರಂತೆ 42. ಕಚೇರಿ ಐದು ದಿನಕ್ಕೆ 50. ರಸ್ತೆಯ ಮೇಲೆ 12, ಬೆಂಗಳೂರಿನ ಮಟ್ಟಿಗೆ ಇದು ಕಡಿಮೆಯೇ. ಸ್ನಾನ, ಊಟ, ತರಕಾರಿ, ಬಟ್ಟೆ ಎಂದು ದಿನಕ್ಕೆ ಮೂರರಂತೆ 21. ಒಟ್ಟು 125. ಉಳಿದದ್ದು 43 ಗಂಟೆ! ಕಾಗದದ ಮೇಲೆ ನಾನು ಸಾಹುಕಾರ. ಹಾಗಾದರೆ ಅಷ್ಟೊಂದು ಗಂಟೆ ಹೋಗುವುದೆಲ್ಲಿಗೆ ಎಂದು ಬಹಳ ಹೊತ್ತು ಹುಡುಕಿದೆ. ಹೋಗಿರಲಿಲ್ಲ, ಇದ್ದವು. ತಪ್ಪಿದ್ದು ಬೇರೆಡೆ: ಎಲ್ಲ ಗಂಟೆಗಳನ್ನೂ ಒಂದೇ ಬೆಲೆಗೆ ಬರೆದುಕೊಂಡಿದ್ದೆ. ಬೆಳಗಿನ ಆರರ ಗಂಟೆಗೂ ಕಚೇರಿಯಿಂದ ಬಂದು ಚಪ್ಪಲಿ ಬಿಟ್ಟ ಮೇಲಿನ ಒಂಬತ್ತರ ಗಂಟೆಗೂ ಒಂದೇ ದರವೇ? ಎರಡನೆಯದು ಸವೆದ ನಾಣ್ಯ, ಅಂಗಡಿಯವನು ತಿರುಗಿಸಿ ನೋಡಿ ವಾಪಸು ಕೊಡುತ್ತಾನೆ. ಕಚೇರಿಯಲ್ಲಿ ಕೊಂಡ ಪ್ರತಿ ಯಂತ್ರಕ್ಕೂ ವರ್ಷವರ್ಷ ಸವಕಳಿ ಕಳೆಯುವವನು ನಾನು. ಈ ದೇಹವನ್ನು ಮಾತ್ರ ಕೊಂಡ ಬೆಲೆಗೇ ಪುಸ್ತಕದಲ್ಲಿ ತೋರಿಸಿಕೊಂಡು ಬಂದಿದ್ದೆ.

ಇಷ್ಟು ಜ್ಞಾನೋದಯವಾದ ಮೇಲೆ ಏನು ಮಾಡಿದೆ? ಆ ಹಾಳೆಯನ್ನು ಮಡಚಿ ಡ್ರಾಯರಿನಲ್ಲಿಟ್ಟು ಮಲಗಿದೆ.

ನನ್ನನ್ನು ಬಗ್ಗಿಸಿದ್ದು ಸಾಗರದ ಹತ್ತಿರದ ನಮ್ಮ ಒಂದೂವರೆ ಎಕರೆ ಅಡಿಕೆ ತೋಟ. ಅಪ್ಪ ಹೋದ ಮೇಲೆ ಆರು ವರ್ಷ, ಹದಿನೈದು ದಿನಕ್ಕೊಮ್ಮೆ, ಶುಕ್ರವಾರ ರಾತ್ರಿ ಬಸ್ಸನ್ನೋ ತಾಳಗುಪ್ಪದ ರೈಲನ್ನೋ ಹಿಡಿದು ಹೋಗುತ್ತಿದ್ದೆ. ಭಾನುವಾರ ರಾತ್ರಿ ಹೊರಟು ಸೋಮವಾರ ಬೆಳಿಗ್ಗೆ ಮೆಜೆಸ್ಟಿಕ್ಕಿನಲ್ಲಿ ಇಳಿದು, ಮನೆಗೆ ಓಡಿ ಮುಖ ತೊಳೆದು ಕಚೇರಿಗೆ. ನೀನು ಮಂಡ್ಯದ ಕಾಲುವೆ ನೀರು ಕುಡಿದವನು, ಅಡಿಕೆಯ ಗೋಳು ನಿನಗೆ ತಿಳಿಯದು. ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಸಹಿಸಿಕೋ.

ನಮ್ಮ ಕಡೆ ಮಳೆ ಹಿಡಿಯುವ ಮುಂಚೆ ಒಮ್ಮೆ, ಅದಾಗಿ 40–45 ದಿನಕ್ಕೆ ಮತ್ತೊಮ್ಮೆ ಅಡಿಕೆ ಗೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಯಬೇಕು. ತಪ್ಪಿದರೆ ಕೊಳೆರೋಗ, ಎಳೆಕಾಯಿ ಉದುರಿ ತೋಟದ ನೆಲವೆಲ್ಲ ಗೋಲಿ ಚೆಲ್ಲಿದ ಹಾಗೆ ಕಾಣುತ್ತದೆ. 100 ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ (ತಾಮ್ರದ ನೀಲಿ ಹರಳು), ಒಂದು ಕಿಲೊ ಸುಣ್ಣ. ಬೇರೆಬೇರೆ ಕರಗಿಸಿ ಆಮೇಲೆ ಸೇರಿಸುವುದು. ಅಪ್ಪ ಸೇರಿಸಿ ಕಲಕಿದ ಮೇಲೆ, ಚೆನ್ನಾಗಿ ಉಜ್ಜಿದ ಕಬ್ಬಿಣದ ಚೂರಿಯೊಂದನ್ನು ಆ ನೀಲಿಯೊಳಗೆ ಅದ್ದಿ ಹಿಡಿಯುತ್ತಿದ್ದ. ಚೂರಿಯ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಕಾಯಿ ಸುಡುತ್ತದೆ ಎಂದು ಅರ್ಥ. ಇನ್ನಷ್ಟು ಸುಣ್ಣದ ನೀರು, ಇನ್ನೊಮ್ಮೆ ಕಲಕು, ಇನ್ನೊಮ್ಮೆ ಚೂರಿ. ಕೆಂಪು ಕೂರುವುದು ನಿಲ್ಲುವ ತನಕ ಮರ ಹತ್ತುವವರು ಬೀಡಿ ಸೇದುತ್ತ ಕಾಯಬೇಕು. ಹುಡುಗನಾಗಿದ್ದಾಗ ಅದು ನನಗೆ ಮಾಟಮಂತ್ರದಂತೆ ಕಾಣುತ್ತಿತ್ತು.

ಎರಡು ವರ್ಷದ ಹಿಂದೆ ಜೂನಿನ ಒಂದು ಭಾನುವಾರ. ಔಷಧಿ ಹೊಡೆಯುವವರು ಸಿಕ್ಕಿದ್ದೇ ಮಧ್ಯಾಹ್ನ. ರಾತ್ರಿ ಒಂಬತ್ತಕ್ಕೆ ನನ್ನ ಬಸ್, 11ನೇ ತಾರೀಖಿನ ರಿಟರ್ನ್ ತಲೆಯ ಮೇಲಿತ್ತು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು, ಕಣ್ಣು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಸುಣ್ಣ ತೂಗಿದೆನೋ, ಅಂದಾಜಿನಲ್ಲಿ ಸುರಿದೆನೋ ಈಗಲೂ ನೆನಪಾಗುವುದಿಲ್ಲ. ಚೂರಿ ಮನೆಯಲ್ಲಿತ್ತು. ತರಬೇಕೆಂದರೆ ದರೆಯ ಏರು ಹತ್ತಿ ನೂರು ಹೆಜ್ಜೆ. ಹೋಗಲಿಲ್ಲ.

ಹತ್ತು ದಿನದ ಮೇಲೆ ಅಮ್ಮ ಫೋನ್ ಮಾಡಿದಳು. "ತಮ್ಮಾ, ಕಾಯಿ ಸುಟ್ಟ ಹಾಗೆ ಕಾಣುತ್ತಿದೆ." ಬೈಯಲಿಲ್ಲ. ಚೂರಿ ಹಾಕಿ ನೋಡಿದ್ದೆಯಾ ಎಂದೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ನಿನ್ನ ಇನ್ನೆರಡು ಗಂಟೆಯ ಮಾತಿಗೆ ನನ್ನ ಉತ್ತರ ಇದೇ. ಅವತ್ತು ಸಮಯ ಇರಲಿಲ್ಲವೇ? ಇತ್ತು. ನೂರು ಹೆಜ್ಜೆಗೆ ಎರಡು ನಿಮಿಷ ಸಾಕು. ಆ ಎರಡು ನಿಮಿಷವನ್ನು ಎತ್ತಿ ಬಳಸುವ ತ್ರಾಣ ನನ್ನಲ್ಲಿ ಉಳಿದಿರಲಿಲ್ಲ.

ಆ ವರ್ಷದ ಮಳೆಗಾಲ ಮುಗಿಯುವ ಮುಂಚೆ ತೋಟವನ್ನು ಚಿಕ್ಕಪ್ಪನ ಮಗನಿಗೆ ನೋಡಿಕೊಳ್ಳಲು ಕೊಟ್ಟೆ. ಪಕ್ಕದ ಮನೆ, ಗಟ್ಟಿ ಆಳು, ತೋಟದಲ್ಲೇ ಬೆಳೆದವನು. ಬಂದದ್ದರಲ್ಲಿ ಅರ್ಧ ಅವನಿಗೆ, ಅರ್ಧ ಅಮ್ಮನಿಗೆ. ವಿಷಯ ಕೇಳಿದ ಊರಿನ ಹಿರಿಯರೊಬ್ಬರು ದನಿ ತಗ್ಗಿಸಿ, "ಎಲ್ಲ ನೋಡಿಕೊಂಡು ಮಾಡು" ಎಂದರು. ಸಾಗರ ಸೀಮೆಯಲ್ಲಿ ಆ ಮಾತಿಗೆ ಹಿಂದುಮುಂದಿದೆ. ಗೇಣಿದಾರರು ಭೂಒಡೆಯರ ವಿರುದ್ಧ ಹೂಡಿದ 1951ರ ಕಾಗೋಡು ಸತ್ಯಾಗ್ರಹ ನಡೆದದ್ದು ನಮ್ಮ ತಾಲ್ಲೂಕಿನಲ್ಲೇ. 1974ರಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಗೇಣಿಗೆ ಉಳುತ್ತಿದ್ದವರು ಒಡೆಯರಾದರು. ಅದು ಆಗಲೇಬೇಕಿದ್ದ ನ್ಯಾಯ ಎಂದೇ ನಾನು ತಿಳಿದಿದ್ದೇನೆ, ನಿನ್ನ ಜೊತೆ ಹಾಸ್ಟೆಲಿನಲ್ಲಿ ಅದಕ್ಕಾಗಿ ಗಂಟಲು ಹರಿದುಕೊಂಡದ್ದೂ ಇದೆ. ಆದರೂ ನೆಲವನ್ನು ಇನ್ನೊಬ್ಬರ ಕೈಗಿತ್ತರೆ ಅದು ಹೋಯಿತೆಂಬ ಅಂಜಿಕೆ ನಮ್ಮಂಥ ಮನೆಗಳಲ್ಲಿ ಎರಡು ತಲೆಮಾರು ದಾಟಿ ಬಂದಿದೆ. ನನ್ನೊಳಗೂ ಅದು ಎಲ್ಲೋ ಕುಳಿತಿತ್ತು. ಬೇಲಿ ದಾಟುವಾಗ ಒಂದು ಕಾಲು ಅತ್ತ ಹಾಕಿ, ಇನ್ನೊಂದನ್ನು ಇತ್ತಲೇ ಬಿಟ್ಟವನ ಹಾಗೆ ಕೊಟ್ಟೆ.

ಕೊಟ್ಟ ಮೇಲೆ ದಿನವೂ ಸಂಜೆ ಏಳಕ್ಕೆ ಫೋನ್. ಬಸಿಗಾಲುವೆಯ ಹೂಳು ತೆಗೆಸಿದೆಯಾ? ಮೈಲುತುತ್ತ ಯಾವ ಅಂಗಡಿಯದು? ರಾಶಿ ಅಡಿಕೆಗೆ ಇವತ್ತು ಏನು ದರ? ದರವನ್ನು ಕೇಳುವ ಅಗತ್ಯವೂ ಇರಲಿಲ್ಲ. ಸಾಗರ, ಶಿವಮೊಗ್ಗ, ಶಿರಸಿ ಮೂರೂ ಮಾರುಕಟ್ಟೆಯ ಧಾರಣೆ ಮೊಬೈಲಿನಲ್ಲಿ ನೋಡಿಕೊಂಡೇ ಕೇಳುತ್ತಿದ್ದೆ. ಬಸ್ಸಿನ ರಾತ್ರಿಗಳು ಉಳಿದವು, ದಣಿವು ಮಾತ್ರ ಒಂದು ಗುಲಗಂಜಿ ತೂಕವೂ ಇಳಿಯಲಿಲ್ಲ. ಮೊದಲು ತಿಂಗಳಿಗೆ ನಾಲ್ಕು ದಿನ ತೋಟದಲ್ಲಿ ಇರುತ್ತಿದ್ದವನು ಈಗ ಮೂವತ್ತು ದಿನವೂ ಅಲ್ಲೇ ಇದ್ದೆ.

ಕೊಯ್ಲಿನ ಹೊತ್ತು ಬಂತು. ಒಂದು ಸಂಜೆ ಫೋನಿನಲ್ಲಿ ಅವನ ಅಂಗಳದ ಸದ್ದೆಲ್ಲ ಕೇಳಿಸುತ್ತಿತ್ತು: ಅಡಿಕೆ ಸುಲಿಯುವವರ ಹರಟೆ, ನಗು, ಮೆಟ್ಟುಗತ್ತಿಗೆ ಕಾಯಿ ತಾಗುವ ಟಕ್ ಟಕ್. "ಚೊಗರು ಗಟ್ಟಿಯಾಗಿದೆಯೋ, ತೆಳುವೋ?" ಎಂದು ಅಡಿಕೆ ಬೇಯಿಸಿದ ಕೆಂಪು ನೀರಿನ ವಿಷಯವನ್ನೂ ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಅಣ್ಣಾ, ನೀನು ತೋಟ ಕೊಟ್ಟಿದ್ದೀಯೋ, ಇಟ್ಟುಕೊಂಡಿದ್ದೀಯೋ?" ಎಂದ.

ದನಿಯಲ್ಲಿ ಸಿಟ್ಟಿರಲಿಲ್ಲ. ಅವನಿಗೆ ನಿಜವಾಗಿಯೂ ಗೊತ್ತಾಗಬೇಕಿತ್ತು, ಅಷ್ಟೆ. ಏನು ಮಾಡುವುದಿದ್ದರೂ ನನ್ನ ಮುಖ ನೋಡಬೇಕೋ ಬೇಡವೋ ಎಂದು. ಅರ್ಧ ಬಿಟ್ಟವನು ತಾನೊಬ್ಬನೇ ದಣಿಯುವುದಿಲ್ಲ, ತೆಗೆದುಕೊಂಡವನ ಕೈಯನ್ನೂ ಕಟ್ಟಿಹಾಕುತ್ತಾನೆ ಎಂಬುದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಬಿಡುವುದು ಹೇಗೆ ಎಂಬುದು ನನ್ನ ಕಣ್ಣೆದುರೇ ನಡೆದಿತ್ತು, ನೋಡಿರಲಿಲ್ಲ. ಅಪ್ಪ ಹೋದ ಎರಡನೆಯ ವರ್ಷ ಅಮ್ಮನಿಗೆ ಮಂಡಿನೋವು ಜೋರಾಗಿ ಕೊಟ್ಟಿಗೆಗೆ ಇಳಿಯುವುದೇ ಕಷ್ಟವಾಯಿತು. ಉಳಿದಿದ್ದ ಒಂದೇ ಒಂದು ಮಲೆನಾಡು ಗಿಡ್ಡ ಹಸುವನ್ನೂ ಅದರ ಕರುವನ್ನೂ ಕೆಳಗಿನ ಮನೆಯವರಿಗೆ ಕೊಟ್ಟಳು. ಹಣೆಗೆ ಕುಂಕುಮ ಹಚ್ಚಿ, ಒಂದು ಹಿಡಿ ಅಕ್ಕಿ, ಬೆಲ್ಲ ತಿನ್ನಿಸಿ, ಹಗ್ಗವನ್ನು ತಾನೇ ಅವರ ಕೈಗಿತ್ತಳು. ಮಾರನೆಯ ದಿನ ಕೊಟ್ಟಿಗೆ ತೊಳೆಸಿ ಸೌದೆ ಒಟ್ಟಿಸಿದಳು. ಆ ಹಸು ಇಂದಿಗೂ ನಮ್ಮ ಮನೆಯ ಮುಂದಿನ ದಾರಿಯಲ್ಲೇ ಮೇಯಲು ಹೋಗುತ್ತದೆ. ಅಮ್ಮ ಜಗಲಿಯಲ್ಲಿ ಕುಳಿತು ನೋಡುತ್ತಾಳೆ. ಎಷ್ಟು ಹಾಲು ಕೊಡುತ್ತಿದೆ ಎಂದು ಆ ಮನೆಯವರನ್ನು ಒಮ್ಮೆಯೂ ಕೇಳಿಲ್ಲ. ಪ್ಯಾಕೆಟ್ ಹಾಲಿನ ಚಹಾವನ್ನು ಮಾತ್ರ ಬೈಯುತ್ತಲೇ ಕುಡಿಯುತ್ತಾಳೆ. ಚಿಕ್ಕಪ್ಪನ ಮಗನ ಆ ಪ್ರಶ್ನೆಯಾದ ಮೇಲೆ ಊರಿಗೆ ಹೋದಾಗ ಕೇಳಿದೆ, ನಿನಗೆ ಬೇಸರವಾಗುವುದಿಲ್ಲವೇ ಎಂದು. "ಆಗುತ್ತದೆ. ಬೇಸರ ನನ್ನದು, ಹಸು ಅವರದು" ಎಂದಳು. ಮತ್ತೆ ತೆಂಗಿನಕಾಯಿ ತುರಿಯತೊಡಗಿದಳು.

ಅವತ್ತಿನಿಂದ 'ಬಿಡು' ಎಂಬ ಪದವನ್ನೇ ಮೆಲುಕು ಹಾಕುತ್ತಿದ್ದೇನೆ. ಬಿಡುವಿಲ್ಲ, ಬಿಡುವಿಲ್ಲ ಎಂದು ದಿನಕ್ಕೆ ಹತ್ತು ಸಲ ಹೇಳುತ್ತೇವಲ್ಲ, ಬಿಡುವು ಎಂಬ ಮಾತು ಹುಟ್ಟಿದ್ದೇ ಬಿಡುವುದರಿಂದ. ಏನನ್ನೂ ಬಿಡದವನಿಗೆ ಬಿಡುವು ಎಲ್ಲಿಂದ ಬರಬೇಕು? ಮರ ಕೂಡ ಹೂ ಬಿಡುತ್ತದೆ, ಕಾಯಿ ಬಿಡುತ್ತದೆ. ಕನ್ನಡ ಮೇಷ್ಟರ ಮಗ ನೀನು, "ಕಾಯಿ ಕಚ್ಚಿತು ಎಂದೂ ಹೇಳುತ್ತಾರಲ್ಲ" ಎಂದು ತಕರಾರು ತೆಗೆಯುತ್ತೀಯೆ. ತೆಗೆ.

ಸಂಜೆಯ ಫೋನನ್ನೂ ಬಿಟ್ಟ ಮೇಲೆ ಹಗುರವಾದೆ ಎಂದು ಬರೆದರೆ ಸುಳ್ಳಾಗುತ್ತದೆ. ಅಪ್ಪ ಹಬ್ಬಿಸಿದ್ದ ವೀಳ್ಯದ ಬಳ್ಳಿಗಳನ್ನು ಚಿಕ್ಕಪ್ಪನ ಮಗ ಕಿತ್ತು ಕಾಳುಮೆಣಸು ಹಾಕಿದ. ಹಳ್ಳದ ಅಂಚಿನಲ್ಲಿದ್ದ ಅಪ್ಪೆಮಾವಿನ ಎರಡು ಕೊಂಬೆ ಕಡಿದ, ತೋಟಕ್ಕೆ ನೆರಳು ಹೆಚ್ಚಾಯಿತಂತೆ. ಉಪ್ಪಿನಕಾಯಿಯ ಮಿಡಿ ಹೆಚ್ಚು ಸಿಗುತ್ತಿದ್ದದ್ದೇ ಆ ಕೊಂಬೆಗಳಲ್ಲಿ. ಗೊತ್ತಾದ ದಿನ ಎರಡು ಸಲ ಫೋನ್ ಕೈಗೆತ್ತಿಕೊಂಡು ಕೆಳಗಿಟ್ಟೆ. ಅವನ ಲೆಕ್ಕ ಸರಿಯಿರಬಹುದು, ನನ್ನ ಹೊಟ್ಟೆಯ ಸಂಕಟವೂ ಸುಳ್ಳಲ್ಲ. ಅಪ್ಪನಿಗೆ ಒಂದೊಂದು ಮರದ ಚರಿತ್ರೆಯೂ ಗೊತ್ತಿತ್ತು, ನನಗೆ ಅರ್ಧ ಗೊತ್ತು, ನನ್ನ ಮಗನಿಗೆ ತೋಟಕ್ಕೆ ಇಳಿಯುವ ದಾರಿಯೇ ತಪ್ಪುತ್ತದೆ. ಇದು ನಷ್ಟ. ನಷ್ಟವನ್ನು ನಷ್ಟದ ಕಡೆಗೇ ಬರೆಯಬೇಕು, ಅಷ್ಟು ವೃತ್ತಿಧರ್ಮ ನನ್ನಲ್ಲಿದೆ.

ಖಜಾಂಚಿಗಿರಿ ಬಿಟ್ಟದ್ದು ಅದರ ಮುಂದೆ ಏನೂ ಅಲ್ಲ. ಪುಸ್ತಕ, ಚೆಕ್ಕು, ಬೀರುವಿನ ಕೀಲಿ ಎಲ್ಲವನ್ನೂ ಒಂದೇ ಸಂಜೆ ಮೊದಲ ಮಹಡಿಯವರಿಗೆ ಒಪ್ಪಿಸಿ ಸಹಿ ಹಾಕಿಸಿಕೊಂಡೆ. ಮೊನ್ನೆಯ ಸಭೆಯಲ್ಲಿ ಅವರ ಲೆಕ್ಕ 340 ರೂಪಾಯಿಗೆ ತಾಳೆಯಾಗಲಿಲ್ಲ. ಎಲ್ಲಿ ತಪ್ಪಿದೆ ಎಂದು ನನಗೆ ಕುಳಿತಲ್ಲೇ ತಿಳಿಯಿತು. ಬಾಯಿಗೆ ಬೋಂಡಾ ತುರುಕಿಕೊಂಡು ಸುಮ್ಮನಿದ್ದೆ. ಈ ವರ್ಷ ನಾನು ಮಾಡಿದ ಅತಿ ಕಷ್ಟದ ಕೆಲಸ ಅದು.

ಈಗ ನಿನ್ನ ಸರದಿ. ನಿನ್ನ ಪಿಎಚ್‌.ಡಿ. ವಿಷಯ ಮೊದಲು. ಹೆಸರು ನೋಂದಾಯಿಸಿ ಹದಿಮೂರು ವರ್ಷ, ಅವಧಿ ಮುಗಿದೇ ಎಷ್ಟೋ ಕಾಲವಾಯಿತು. ಜೆರಾಕ್ಸ್ ಪ್ರತಿಗಳ ಮೂರು ರಟ್ಟಿನ ಪೆಟ್ಟಿಗೆ ನಿನ್ನ ಬೀರುವಿನ ಮೇಲೆ ಕುಳಿತು ಪ್ರತಿ ರಾತ್ರಿ ನಿನ್ನನ್ನು ನೋಡುತ್ತಿವೆ. ನಿವೃತ್ತರಾದ ನಿನ್ನ ಗೈಡ್ ಮದುವೆ ಮನೆಗಳಲ್ಲಿ ಸಿಕ್ಕಾಗಲೆಲ್ಲ "ಎಲ್ಲಿಗೆ ಬಂತಪ್ಪ?" ಎನ್ನುತ್ತಾರೆ, ನೀನು "ನಡೆಯುತ್ತಿದೆ ಸಾರ್" ಎನ್ನುತ್ತೀಯೆ. ಅದನ್ನು ಬಿಡು ಎಂದು ನಾನು ಹೇಳುವುದಿಲ್ಲ, ಯಾಕೆಂದರೆ ನೀನು ಬಿಟ್ಟು ಹತ್ತು ವರ್ಷವಾಯಿತು. ಅವರ ಮನೆಗೆ ಹೋಗಿ ಹೇಳುವುದೊಂದೇ ಬಾಕಿ. ಅವರು ಬೇಸರಿಸಿಕೊಳ್ಳಬಹುದು, ಕಾಫಿ ಅಂತೂ ಕೊಡುತ್ತಾರೆ.

ಎರಡನೆಯದು ನಿನ್ನ 'ನೋಡೋಣ'. ನಮ್ಮ ಜನಕ್ಕೆ ಆಗುವುದಿಲ್ಲ ಎಂಬ ಮಾತು ಬಾಯಿಗೆ ಬರುವುದಿಲ್ಲ. ನೋಡೋಣ, ಪ್ರಯತ್ನಿಸೋಣ, ಮುಂದಿನ ವಾರ ಮಾತನಾಡೋಣ. ಕೇಳಿದವರು ಅದನ್ನು ಒಪ್ಪಿಗೆ ಎಂದು ತಿಳಿದು ಹೋಗುತ್ತಾರೆ. ಹೇಳಿದವನು ನಿರಾಕರಿಸಿದ್ದೇನೆ ಎಂದು ಸಮಾಧಾನಪಟ್ಟುಕೊಳ್ಳುತ್ತಾನೆ. ರಾಜ್ಯೋತ್ಸವದ ಸ್ಮರಣ ಸಂಚಿಕೆ ನಿನ್ನ ತಲೆಗೆ ಬಂದದ್ದು ಹೀಗೆಯೇ ಅಲ್ಲವೇ? ನೀನು ಒಪ್ಪಿಕೊಂಡೇ ಇರಲಿಲ್ಲ, ನೋಡೋಣ ಎಂದಿದ್ದೆ. ನವೆಂಬರ್ ಬರುವ ಹೊತ್ತಿಗೆ ಕರಡು ತಿದ್ದುತ್ತಾ ನಡುರಾತ್ರಿ ನನಗೆ ಫೋನ್ ಮಾಡುತ್ತಿದ್ದೆ.

ಇನ್ನು ಮೇಷ್ಟರ ವಿಷಯ. ಇಲ್ಲಿ ನಾನು ಮೆಲ್ಲಗೆ ಬರೆಯಬೇಕು. ಹಾಸಿಗೆ ಹಿಡಿದ ತಂದೆಯನ್ನು ನೋಡಿಕೊಳ್ಳಲು ಹೊರಗಿನವರನ್ನು ಇಟ್ಟರೆ ಜನ ಏನೆನ್ನುತ್ತಾರೋ ಎಂದು ನೀನೂ ನಿನ್ನ ಹೆಂಡತಿಯೂ ಎಂಟು ತಿಂಗಳಿಂದ ಒಂದು ರಾತ್ರಿಯೂ ಪೂರ್ತಿ ಮಲಗಿಲ್ಲ. ಆಳನ್ನು ಇಟ್ಟುಕೋ. ಮಗ್ಗುಲು ಬದಲಿಸುವುದು, ಬಟ್ಟೆ ಬದಲಿಸುವುದು, ರಾತ್ರಿಯ ಔಷಧಿ, ಇದನ್ನೆಲ್ಲ ಕೊಡು. ಕೊಟ್ಟ ಮೇಲೆ ಬಾಗಿಲ ಸಂದಿಯಲ್ಲಿ ನಿಂತು ನೋಡಬೇಡ. ಆದರೆ ಕಳೆದ ಸಲ ನಾನು ಬಂದಾಗ, ಭಾನುವಾರ ಬೆಳಿಗ್ಗೆ, ನೀನು ಬಿಸಿನೀರಿನ ಬಟ್ಟಲು ಇಟ್ಟುಕೊಂಡು ಅವರ ಗಡ್ಡ ಹೆರೆಯುತ್ತಿದ್ದೆ. ಅವರು ಕಣ್ಣು ಮುಚ್ಚಿಕೊಂಡು, ಕೆನ್ನೆಯನ್ನು ನಿನ್ನ ಅಂಗೈಗೆ ಒರಗಿಸಿ, ಹಳಗನ್ನಡದ ಯಾವುದೋ ಪದ್ಯದ ಅರ್ಧ ಸಾಲು ಹೇಳಿ ನಿಲ್ಲಿಸಿದರು. ಉಳಿದರ್ಧವನ್ನು ನೀನು ಹೇಳಿದೆ. ಆ ಕೆಲಸವನ್ನು ಮಾತ್ರ ಯಾರಿಗೂ ಕೊಡಬೇಡ. ಉಳಿದದ್ದನ್ನೆಲ್ಲ ಬಿಡು ಎಂದು ಇಷ್ಟುದ್ದ ಬರೆದದ್ದು ಆ ಹದಿನೈದು ನಿಮಿಷಕ್ಕೆ ನಿನ್ನ ಕೈ ನಡುಗದೆ ಇರಲಿ ಎಂದೇ.

ನಾನು ಈಗ ತಿಂಗಳಿಗೊಮ್ಮೆ ಊರಿಗೆ ಹೋಗುತ್ತೇನೆ, ಅಮ್ಮನನ್ನು ನೋಡಲು. ತೋಟಕ್ಕೆ ಇಳಿಯುವುದೂ ಉಂಟು, ನೆಂಟನ ಹಾಗೆ. ಇವತ್ತು ಅಲ್ಲಿ ಔಷಧಿ ಹೊಡೆಯುತ್ತಿರಬಹುದು, ಮಳೆ ಬಂದು ನಿಂತೂ ಇರಬಹುದು. ಈ ಕಾಗದ ಬರೆಯಲು ಕುಳಿತಾಗಿನಿಂದ ಮೂರು ಸಲ ಮೊಬೈಲ್ ನೋಡಿದೆ. ಫೋನ್ ಮಾಡಿಲ್ಲ. ಚೂರಿಯ ವಿಷಯ ಅವನಿಗೆ ನನಗಿಂತ ಚೆನ್ನಾಗಿ ಗೊತ್ತು.

ಅಮ್ಮ ಈ ವರ್ಷ ಒಂದೇ ಭರಣಿ ಮಿಡಿ ಉಪ್ಪಿನಕಾಯಿ ಹಾಕಿದ್ದಾಳೆ. ಮೊದಲು ನಾಲ್ಕು ಹಾಕುತ್ತಿದ್ದಳು, ಅರ್ಧ ಊರಿಗೆ ಹಂಚುತ್ತಿದ್ದಳು. ನಿನ್ನ ಪಾಲು ತೆಗೆದಿಡಬೇಕೋ ಎಂದು ಕೇಳುತ್ತಿದ್ದಾಳೆ. ಆರಿದ್ರಾ ಮಳೆ ಹಿಡಿದ ಮೇಲೆ, ಜೂನ್ ಕೊನೆಯ ಶನಿವಾರ ನಾನು ಅಲ್ಲಿರುತ್ತೇನೆ. ಬರುವುದಾದರೆ ಬರುತ್ತೇನೆ ಎಂದು ಬರೆ. ಆಗದಿದ್ದರೆ ಆಗುವುದಿಲ್ಲ ಎಂದು ಬರೆ, ಉಪ್ಪಿನಕಾಯಿಯನ್ನು ಬೇರೆಯವರಿಗೆ ಕೊಡುತ್ತಾಳೆ. ನೋಡೋಣ ಎಂದು ಮಾತ್ರ ಬರೆಯಬೇಡ.

ಮೇಷ್ಟರಿಗೆ ನನ್ನ ನಮಸ್ಕಾರ ಹೇಳು.

ಇಂತಿ ನಿನ್ನ,
ಹಿಂದಿನ ಸಾಲಿನ ಖಜಾಂಚಿ